ಟ್ರ್ಯಾಕ್ ಕಾರಿಗೆ ಬರುವ ಎರಡು ಜ್ವರ

ಕಾರನ್ನು ರೇಸ್ ಟ್ರ್ಯಾಕಿಗೆ ತಗೊಂಡು ಹೋಗ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಎಷ್ಟು ಪವರ್ ಇದೆ? ಎಷ್ಟು ಸ್ಪೀಡ್ ಹೋಗತ್ತೆ? ಆಯಿಲ್ ಎಷ್ಟು ಬಿಸಿಯಾಗತ್ತೆ ಅಂತ ಯಾರೂ ಕೇಳಲ್ಲ. ಆದರೆ ಹಳೆಯ ರೋಡ್ ಕಾರೊಂದನ್ನು ಟ್ರ್ಯಾಕಿಗೆ ಇಳಿಸಿದಾಗ ಮೊದಲು ಕೈಕೊಡುವುದು ಆಯಿಲ್. ಅದರಲ್ಲೂ ಎರಡು ಕಡೆ: ಪವರ್ ಸ್ಟೀರಿಂಗ್‌ನಲ್ಲಿ ಓಡಾಡುವ ಆಯಿಲ್ ಮತ್ತು ಎಂಜಿನ್ ಒಳಗಿನ ಆಯಿಲ್. ಒಂದು ಕೆಟ್ಟರೆ ತಿರುವಿನ ಮಧ್ಯೆ ಸ್ಟೀರಿಂಗ್ ಕಲ್ಲಾಗತ್ತೆ. ಇನ್ನೊಂದು ಕೆಟ್ಟರೆ ಎಂಜಿನ್ನೇ ಹೋಗತ್ತೆ.

ಬ್ರೇಕ್ ಪ್ಯಾಡ್ ಬಗ್ಗೆ ಬರೆದ ಮೇಲೆ ಕೆಲವು ಓದುಗರು ಇದನ್ನೇ ಕೇಳಿದ್ದರು: 'ಆಯಿಲ್ ಕೂಲರ್ ಬೇಕಾ? ಪವರ್ ಸ್ಟೀರಿಂಗ್ ತೆಗೆದುಬಿಡೋದು ಒಳ್ಳೇದಂತೆ, ಹೌದಾ?' ಎರಡಕ್ಕೂ ಒಂದೇ ಸಾಲಿನ ಉತ್ತರ ಇಲ್ಲ. ನಮ್ಮ ಕಾರಿನ ಮೇಲೆ ಮಾಡಿದ ಕೆಲಸವನ್ನೇ ಇಟ್ಟುಕೊಂಡು ಹೇಳ್ತೀನಿ.

ನಮ್ಮದು 2002ರ ಹೋಂಡಾ ಸಿಟಿ 1.5 ವಿಟೆಕ್. ನಮ್ಮದು ಅಂದರೆ ನನ್ನದು ಮತ್ತು ಅಕ್ಕನದು. ಖರ್ಚು ಅರ್ಧ ಅರ್ಧ, ಲ್ಯಾಪೂ ಅರ್ಧ ಅರ್ಧ. ನೂರಾರು ಹಾರ್ಸ್‌ಪವರ್‌ನ ಕಾರುಗಳ ಮುಂದೆ ಇದರ 106 ಏನೂ ಅಲ್ಲ ನಿಜ. ಆದರೆ ಕಾರು ಹಗುರ, ಬಿಡಿಭಾಗ ಸಿಗತ್ತೆ, ಇಂದಿಗೂ ನಮ್ಮ ದೇಶದ ಟ್ರ್ಯಾಕ್‌ಗಳಲ್ಲಿ ಇದಕ್ಕೆ ಅಭಿಮಾನಿಗಳಿದ್ದಾರೆ. ಬೆಂಗಳೂರಿನ ಕಾರು ಹುಚ್ಚರು ಸಾಮಾನ್ಯವಾಗಿ ಹೋಗೋದು ಎರಡು ಕಡೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಒಂದು, ಸುಮಾರು 2.1 ಕಿಲೋಮೀಟರ್. ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುವ ಇರುಂಗಾಟ್ಟುಕೋಟ್ಟೈ ಇನ್ನೊಂದು, ಸುಮಾರು 3.7 ಕಿಲೋಮೀಟರ್. ಎರಡೂ ಕಡೆ ಬಿಸಿಲಿಗೆ ಬರವಿಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಇನ್ನೊಂದು ವಿಷಯ. ಅಕ್ಕನ ಬಲ ಭುಜಕ್ಕೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ಡಾಕ್ಟರ್ ಡ್ರೈವಿಂಗ್‌ಗೆ ಒಪ್ಪಿದ್ದಾರೆ, ಆದರೆ ಭಾರ ಎಳೆಯೋದು, ಜಗ್ಗೋದು ಬೇಡ ಅಂದಿದ್ದಾರೆ. ಹಾಗಾಗಿ ಸ್ಟೀರಿಂಗ್ ವಿಷಯ ನಮಗೆ ಬರೀ ಲ್ಯಾಪ್ ಟೈಮಿನ ಲೆಕ್ಕ ಆಗಿರಲಿಲ್ಲ.

ಸ್ಟೀರಿಂಗ್ ಆಯಿಲ್ ಯಾಕೆ ಕುದಿಯತ್ತೆ?

ಈಗಿನ ಹೆಚ್ಚಿನ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಅಂದರೆ ಒಂದು ಎಲೆಕ್ಟ್ರಿಕ್ ಮೋಟರ್. ಆಯಿಲೇ ಇರಲ್ಲ. ಆದರೆ ಆ ಕಾಲದ ಕಾರುಗಳಲ್ಲಿ ಇರೋದು ಹೈಡ್ರಾಲಿಕ್. ಎಂಜಿನ್‌ನ ಬೆಲ್ಟ್ ಒಂದು ಪಂಪನ್ನು ತಿರುಗಿಸತ್ತೆ. ಪಂಪ್ ಆಯಿಲನ್ನು ಒತ್ತಡದಲ್ಲಿ ಸ್ಟೀರಿಂಗ್ ರ‍್ಯಾಕಿಗೆ ಕಳಿಸತ್ತೆ. ನೀವು ಸ್ಟೀರಿಂಗ್ ತಿರುಗಿಸಿದ ಕಡೆಗೆ ಒಂದು ಚಿಕ್ಕ ವಾಲ್ವ್ ಆ ಒತ್ತಡವನ್ನು ಬಿಡತ್ತೆ. ಕೆಲಸ ಮುಗಿದ ಆಯಿಲ್ ಇನ್ನೊಂದು ಪೈಪಿನಲ್ಲಿ, ಒತ್ತಡ ಇಲ್ಲದೆ, ಡಬ್ಬಿಗೆ ವಾಪಸ್ ಬರತ್ತೆ.

ಸಮಸ್ಯೆ ಇರೋದು ಬೆಲ್ಟಿನಲ್ಲಿ. ಎಂಜಿನ್ ಜೋರಾಗಿ ತಿರುಗಿದಷ್ಟೂ ಪಂಪ್ ಜೋರಾಗಿ ತಿರುಗತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂಜಿನ್ 800 ಆರ್‌ಪಿಎಂನಲ್ಲಿ ನಿಂತಿರುವಾಗಲೂ ಸ್ಟೀರಿಂಗ್ ಹಗುರ ಇರಬೇಕು ಅಂತ ಪಂಪಿನ ಅಳತೆ ಮಾಡಿರ್ತಾರೆ. ಅದೇ ಪಂಪನ್ನು ಟ್ರ್ಯಾಕಿನಲ್ಲಿ 20 ನಿಮಿಷ 5,000ದಿಂದ 7,000 ಆರ್‌ಪಿಎಂ ನಡುವೆ ಓಡಿಸಿದರೆ? ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆಯಿಲ್ ತಳ್ಳತ್ತೆ. ರ‍್ಯಾಕಿಗೆ ಬೇಡವಾದದ್ದು ಪಂಪಿನೊಳಗೇ ಸುತ್ತು ಹೊಡೆಯತ್ತೆ, ಸುತ್ತು ಹೊಡೆದಷ್ಟೂ ಬಿಸಿಯಾಗತ್ತೆ.

ಒಂದು ಲೆಕ್ಕ ನೋಡಿ. 80 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರ್ ಹರಿದರೆ ಅದು ಸುಮಾರು ಒಂದು ಕಿಲೋವಾಟ್. ಮನೆಯ ಇಸ್ತ್ರಿ ಪೆಟ್ಟಿಗೆಯಷ್ಟು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಮಾತ್ರ ಅಷ್ಟು ಒತ್ತಡ ಬರೋದು, ಯಾವಾಗಲೂ ಅಲ್ಲ. ಆದರೆ ಇಡೀ ವ್ಯವಸ್ಥೆಯಲ್ಲಿರೋ ಆಯಿಲ್ ಒಂದು ಲೀಟರ್ ಆಸುಪಾಸು. ಅಷ್ಟು ಆಯಿಲನ್ನು ಇಸ್ತ್ರಿ ಪೆಟ್ಟಿಗೆ ಮೇಲೆ ಆಗಾಗ ಇಟ್ಟು ತೆಗೆದಂತೆ. ಮೇಲಿಂದ ಅಗಲವಾದ, ಅಂಟುವ ಟೈರ್ ಹಾಕಿದ್ದರೆ ಪ್ರತಿ ತಿರುವಿನಲ್ಲೂ ಒತ್ತಡ ಇನ್ನೂ ಜಾಸ್ತಿ.

ಬಿಸಿಯಾದ ಆಯಿಲ್ ತೆಳುವಾಗತ್ತೆ, ನೊರೆ ಬರತ್ತೆ. ನೊರೆ ಅಂದರೆ ಗಾಳಿ. ಗಾಳಿಯನ್ನು ಒತ್ತಿದರೆ ಕುಗ್ಗತ್ತೆ, ರ‍್ಯಾಕನ್ನು ತಳ್ಳಲ್ಲ. ಮೊದಲು ಪಂಪ್ ಕುಂಯ್ ಅಂತ ಕೂಗತ್ತೆ. ಆಮೇಲೆ ಸ್ಟೀರಿಂಗ್ ಒಂದು ಕ್ಷಣ ಹಗುರ, ಮರುಕ್ಷಣ ಭಾರ. ಕೊನೆಗೆ ಉಬ್ಬಿದ ಆಯಿಲ್ ಡಬ್ಬಿಯ ಮುಚ್ಚಳದಿಂದ ಹೊರಗೆ. ನಮ್ಮ ಕಾರಿನಲ್ಲಿ ಆಗಿದ್ದೂ ಇದೇ. ಇರುಂಗಾಟ್ಟುಕೋಟ್ಟೈನಲ್ಲಿ ಅಕ್ಕನ ಸರದಿ, ಏಳನೇ ಲ್ಯಾಪ್. ಬಾನೆಟ್ ಸಂದಿಯಿಂದ ಹೊಗೆ. ಅವಳು ನಿಧಾನ ಮಾಡಿ ಪಿಟ್‌ಗೆ ತಂದಳು. ಇಳಿದವಳೇ ಭುಜ ಹಿಡಿದುಕೊಂಡು, 'ಲೋ, ಕೊನೇ ಎರಡು ತಿರುವು ಲಾರಿ ಓಡಿಸಿದ ಹಾಗಿತ್ತು ಕಣೋ' ಅಂದಳು. ಬಾನೆಟ್ ತೆಗೆದರೆ ಡಬ್ಬಿಯ ಸುತ್ತ ಎಲ್ಲಾ ಆಯಿಲ್. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಇರೋದು ಮುಂಭಾಗದಲ್ಲಿ, ರೇಡಿಯೇಟರ್ ಕಡೆಗೆ. ಅದರ ಮೇಲೆ ಬಿದ್ದ ನಾಲ್ಕು ಹನಿಯದ್ದೇ ಆ ಹೊಗೆ. ಹನಿ ಹೆಚ್ಚಾಗಿದ್ದರೆ ಅದು ಬೆಂಕಿಯ ಮಾತು.

ಇದರಲ್ಲಿ ಕಾರಿನದ್ದೇನೂ ತಪ್ಪಿಲ್ಲ. ಅದನ್ನು ಮಾಡಿದ್ದು ಆಫೀಸಿಗೆ ಹೋಗಿ ಬರೋಕೆ. ನಾವು ಕೇಳ್ತಿರೋದು ಬೇರೆ ಕೆಲಸ.

ತೆಗೆದು ಬಿಸಾಕೋದಾ?

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ: ಪಂಪ್ ತೆಗೆದುಬಿಡಿ. ತೂಕ ಕಮ್ಮಿ, ಎಂಜಿನ್ ಮೇಲಿನ ಹೊರೆ ಕಮ್ಮಿ, ಸೋರುವ ಪೈಪ್ ಇಲ್ಲ, ರಸ್ತೆಯ ಸ್ಪರ್ಶ ಕೈಗೆ ಚೆನ್ನಾಗಿ ಗೊತ್ತಾಗತ್ತೆ. ಎಲ್ಲಾ ನಿಜ. ಹಗುರವಾದ, ಹಿಂದಿನ ಚಕ್ರಕ್ಕೆ ಪವರ್ ಹೋಗುವ ಮಾಜ್ದಾ ಮಿಯಾಟಾದಂಥ ಕಾರುಗಳಲ್ಲಿ ತುಂಬಾ ಜನ ಹೀಗೆ ಮಾಡ್ತಾರೆ, ಸುಖವಾಗಿದ್ದಾರೆ.

ಆದರೆ ಎರಡು ವಿಷಯ ಗಮನಿಸಬೇಕು. ಒಂದು, ಪಂಪ್ ತೆಗೆದು ರ‍್ಯಾಕಿನ ಎರಡು ಪೈಪ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಮುಗೀತು ಅನ್ನೋದು ಅರ್ಧ ಕೆಲಸ. ರ‍್ಯಾಕಿನ ಒಳಗಿನ ಪಿಸ್ಟನ್ ಸೀಲ್ ಆಗಲೂ ಉಜ್ಜುತ್ತಲೇ ಇರತ್ತೆ, ಉಳಿದ ಆಯಿಲನ್ನು ಅತ್ತಿಂದಿತ್ತ ತಳ್ಳುತ್ತಲೇ ಇರತ್ತೆ. ಸ್ಟೀರಿಂಗ್ ಕಂಬಿಯ ತುದಿಯಲ್ಲಿ ವಾಲ್ವ್ ತೆರೆಯೋಕೆ ಅಂತಲೇ ಸ್ವಲ್ಪ ತಿರುಚಿಕೊಳ್ಳುವ ಒಂದು ಸರಳು ಇರತ್ತೆ, ಆ ಸಡಿಲವೂ ಹಾಗೇ ಉಳಿಯತ್ತೆ. ಸರಿಯಾಗಿ ಮಾಡೋದಾದರೆ ರ‍್ಯಾಕ್ ಬಿಚ್ಚಿ ಸೀಲ್ ತೆಗೆದು, ಆ ಜಾಗವನ್ನು ವೆಲ್ಡ್ ಮಾಡಿ ಗಟ್ಟಿ ಮಾಡಬೇಕು. ಎಲ್ಲರ ಕೈಲಾಗುವ ಕೆಲಸ ಅಲ್ಲ. ಸ್ಟೀರಿಂಗ್‌ನಲ್ಲಿ ವೆಲ್ಡ್ ಬಿಟ್ಟುಕೊಂಡರೆ ಏನಾಗತ್ತೆ ಅಂತ ಹೇಳಬೇಕಿಲ್ಲ.

ಎರಡು, ನಮ್ಮದು ಮುಂದಿನ ಚಕ್ರದ ಕಾರು. ಎಂಜಿನ್, ಗೇರ್‌ಬಾಕ್ಸ್ ಭಾರ ಎಲ್ಲಾ ಮುಂದೆ. ಪವರ್ ಸ್ಟೀರಿಂಗ್ ಇರುವ ಕಾರಿನ ರ‍್ಯಾಕನ್ನು ಸಾಮಾನ್ಯವಾಗಿ ಕಡಿಮೆ ಸುತ್ತಿಗೇ ಹೆಚ್ಚು ತಿರುಗುವಂತೆ ಮಾಡಿರ್ತಾರೆ. ಸಹಾಯ ತೆಗೆದರೆ ಆ ಭಾರವೆಲ್ಲ ನೇರ ತೋಳಿಗೆ. ಒಬ್ಬ ಗೆಳೆಯ, 'ಸ್ವಲ್ಪ ಜಿಮ್ ಮಾಡಿದ್ರೆ ಆಯ್ತು' ಅಂದ. ಅವನು ಅಕ್ಕನ ಎದುರಿಗೆ ಹೇಳಲಿಲ್ಲ, ಪುಣ್ಯ. ಅವಳು ಓಡಿಸೋಕೆ ಆಗದ ಕಾರು ಎರಡು ಸೆಕೆಂಡ್ ಫಾಸ್ಟ್ ಆಗಿದ್ದರೂ ನಮ್ಮಿಬ್ಬರ ಕಾರಲ್ಲ. ಹಾಗಾಗಿ ಪವರ್ ಸ್ಟೀರಿಂಗ್ ಉಳಿಸಿಕೊಳ್ಳೋದು, ಆದರೆ ತಣ್ಣಗಿಡೋದು ಅಂತ ತೀರ್ಮಾನ ಆಯ್ತು.

ಎಲೆಕ್ಟ್ರಿಕ್ ಪಂಪ್ ಅನ್ನೋ ದಾರಿಯೂ ಇದೆ. ಬೆಲ್ಟ್ ಇರಲ್ಲ, ಎಂಜಿನ್ ಎಷ್ಟೇ ತಿರುಗಲಿ ಪಂಪ್ ತನ್ನ ಪಾಡಿಗೆ ಓಡತ್ತೆ. ವಿದೇಶದಲ್ಲಿ ವೋಲ್ವೋ, ಓಪೆಲ್ ಕಾರುಗಳ ಪಂಪ್ ತೆಗೆದು ಹಾಕ್ತಾರೆ. ಆದರೆ ಅದು ಕರೆಂಟ್ ಜಾಸ್ತಿ ಎಳೆಯತ್ತೆ. ದಪ್ಪ ವೈರ್, ಫ್ಯೂಸ್, ಆಲ್ಟರ್ನೇಟರ್ ಲೆಕ್ಕ ಎಲ್ಲಾ ಹೊಸದಾಗಿ ಮಾಡಬೇಕು. ನಮಗೆ ಅಷ್ಟು ಬೇಕಿರಲಿಲ್ಲ.

ನಾವು ಮಾಡಿದ್ದು, ಅಗ್ಗದಿಂದ ದುಬಾರಿ ಕಡೆಗೆ

ಮೊದಲು ಆಯಿಲ್ ಬದಲಾವಣೆ. ಒಂದು ಅಂಗಡಿಯವರು, 'ಎಟಿಎಫ್ ಹಾಕಿ ಸಾರ್, ಎಲ್ಲಾ ಒಂದೇ' ಅಂದರು. ಎಲ್ಲಾ ಒಂದೇ ಅಲ್ಲ. ಎಷ್ಟೋ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆ ಆಯಿಲ್ ನಡೆಯತ್ತೆ, ಹೋಂಡಾಕ್ಕೆ ನಡೆಯಲ್ಲ, ಸೀಲ್ ಹಾಳಾಗತ್ತೆ. ಡಬ್ಬಿಯ ಮುಚ್ಚಳದ ಮೇಲೆ, ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ. ಹಳೆಯದನ್ನು ಪೂರ್ತಿ ತೆಗೆದು, ಹೊಸದು ಹಾಕಿ, ಮುಂದಿನ ಚಕ್ರ ಎತ್ತಿಟ್ಟು ಸ್ಟೀರಿಂಗನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ತಿರುಗಿಸಿ ಗಾಳಿ ಹೊರಗೆ ಬಿಡಬೇಕು. ಗುಳ್ಳೆ ನಿಲ್ಲೋವರೆಗೂ.

ಎರಡನೆಯದು, ಡಬ್ಬಿಯ ಮೇಲೆ ಟೆಂಪರೇಚರ್ ಸ್ಟಿಕರ್. ಗೊತ್ತಾದ ಬಿಸಿ ಮುಟ್ಟಿದರೆ ಬಣ್ಣ ಬದಲಾಗಿ ಹಾಗೇ ಉಳಿಯುವ ಚಿಕ್ಕ ಪಟ್ಟಿ. ಸೆನ್ಸರ್, ವೈರ್ ಏನೂ ಬೇಡ. ನಾವು ಸಾಫ್ಟ್‌ವೇರಿನವರು ಕೋಡ್ ನಿಧಾನ ಅಂದ ತಕ್ಷಣ ಬದಲಾಯಿಸಲ್ಲ, ಮೊದಲು ಎಲ್ಲಿ ನಿಧಾನ ಅಂತ ಅಳೀತೀವಿ. ಕಾರಿಗೂ ಅದೇ ನ್ಯಾಯ.

ಮೂರನೆಯದು ಕೂಲರ್. ರೆಕ್ಕೆ ರೆಕ್ಕೆ ಇರುವ ಅಂಗೈಯಗಲದ ಚಿಕ್ಕ ರೇಡಿಯೇಟರ್. ಇದನ್ನು ಹಾಕಬೇಕಾದ್ದು ವಾಪಸ್ ಬರುವ ಪೈಪಿನಲ್ಲಿ ಮಾತ್ರ. ಅಲ್ಲಿ ಒತ್ತಡ ಇರಲ್ಲ, ಆಯಿಲ್ ತಡೆಯುವ ರಬ್ಬರ್ ಹೋಸ್, ಒಳ್ಳೆಯ ಕ್ಲಿಪ್ ಸಾಕು. ರೇಡಿಯೇಟರ್‌ಗೆ ನೀರು ಹೋಗುವ ಹೋಸ್ ಹಾಕಬೇಡಿ, ಆಯಿಲ್‌ಗೆ ಉಬ್ಬಿ ಹರಿಯತ್ತೆ. ಪಂಪಿನಿಂದ ರ‍್ಯಾಕಿಗೆ ಹೋಗುವ ಪೈಪನ್ನು ಕತ್ತರಿಸಿ ಕ್ಲಿಪ್ ಹಾಕುವ ಯೋಚನೆ ಕನಸಲ್ಲೂ ಬೇಡ. ಆ ಪೈಪ್ ಹಳೆಯದಾಗಿದ್ದರೆ ಹೈಡ್ರಾಲಿಕ್ ಹೋಸ್ ಅಂಗಡಿಗೆ ಒಯ್ದು, ತಕ್ಕ ಒತ್ತಡದ ಹೋಸಿಗೆ ತುದಿ ಕ್ರಿಂಪ್ ಮಾಡಿಸಬೇಕು. ಪೀಣ್ಯದಲ್ಲಿ ಜೆಸಿಬಿ, ಪ್ರೆಸ್ ಮೆಷಿನ್‌ಗಳಿಗೆ ದಿನವೂ ಇದೇ ಕೆಲಸ ಮಾಡುವವರಿದ್ದಾರೆ.

ನಾಲ್ಕನೆಯದು ಪುಲ್ಲಿ. ಪಂಪಿನ ಪುಲ್ಲಿ ಸ್ವಲ್ಪ ದೊಡ್ಡದು ಮಾಡಿದರೆ ಪಂಪ್ ಅಷ್ಟು ನಿಧಾನ ತಿರುಗತ್ತೆ. ಲೇತ್‌ನಲ್ಲಿ ಮಾಡಿಸಬಹುದು, ಬೆಲ್ಟಿನ ಉದ್ದವೂ ಬದಲಾಗತ್ತೆ. ಆದರೆ ಐಡಲ್‌ನಲ್ಲಿ ಸಹಾಯ ಕಡಿಮೆಯಾಗತ್ತೆ, ಪಾರ್ಕಿಂಗ್ ಮಾಡುವಾಗ ಭಾರ. ಕೂಲರ್ ಹಾಕಿದ ಮೇಲೆ ನಮ್ಮ ಸ್ಟಿಕರ್ 90 ಡಿಗ್ರಿಯ ಮನೆಯನ್ನೂ ದಾಟಲಿಲ್ಲ, ಮೊದಲು 110ರ ಮನೆ ಕಪ್ಪಾಗಿತ್ತು. ಅಲ್ಲಿಗೇ ನಿಲ್ಲಿಸಿದೆವು, ಪುಲ್ಲಿಗೆ ಹೋಗಲಿಲ್ಲ. ಮುಚ್ಚಳದ ಸುತ್ತ ಮಾತ್ರ ಹೀರುವ ಬಟ್ಟೆಯ ಪಟ್ಟಿ ಸುತ್ತಿದ್ದೇವೆ. ನಗಬೇಡಿ, ರೇಸಿನವರೂ ಮಾಡ್ತಾರೆ. ಹನಿ ಬಂದರೆ ಎಕ್ಸಾಸ್ಟ್ ಮೇಲೆ ಬೀಳೋ ಬದಲು ಬಟ್ಟೆಯಲ್ಲಿ ಕಾಣಿಸತ್ತೆ. ಪ್ರತಿ ಸೆಷನ್ ಆದ ಮೇಲೆ ನೋಡಿ, ನೆನೆದಿದ್ದರೆ ಬದಲಾಯಿಸಿ.

ಎಂಜಿನ್ ಆಯಿಲ್: ನೀರಿನ ಮುಳ್ಳನ್ನು ನಂಬಬೇಡಿ

ಡ್ಯಾಶ್‌ಬೋರ್ಡಿನಲ್ಲಿರುವ ಟೆಂಪರೇಚರ್ ಮುಳ್ಳು ತೋರಿಸೋದು ನೀರಿನ ಬಿಸಿ. ಅದು ಮಧ್ಯದಲ್ಲಿ ಆರಾಮಾಗಿ ನಿಂತಿರುವಾಗಲೇ ಆಯಿಲ್ 130 ಡಿಗ್ರಿ ದಾಟಿರಬಹುದು. ಬೇರಿಂಗ್, ಪಿಸ್ಟನ್‌ನ ಬಿಸಿಯನ್ನು ನೇರವಾಗಿ ಹೊರೋದು ಆಯಿಲ್. ಅದಕ್ಕೆ ಬೇರೆ ಗೇಜ್ ಬೇಕೇ ಬೇಕು.

ಅಂಕಿಗಳನ್ನು ಹೀಗೆ ನೆನಪಿಡಿ. 90ರಿಂದ 110 ಡಿಗ್ರಿ: ಚಿಂತೆ ಇಲ್ಲ. 120: ಗಮನ ಇರಲಿ. 130 ದಾಟಿ ನಿಂತರೆ ಒಂದು ಲ್ಯಾಪ್ ನಿಧಾನವಾಗಿ ಓಡಿಸಿ ಪಿಟ್‌ಗೆ ಬನ್ನಿ. ಬಿಸಿ 10 ಡಿಗ್ರಿ ಏರಿದಂತೆಲ್ಲ ಆಯಿಲ್ ಹಾಳಾಗುವ ವೇಗ ಸುಮಾರು ದುಪ್ಪಟ್ಟಾಗತ್ತೆ ಅನ್ನೋದು ಎಂಜಿನಿಯರ್‌ಗಳ ಹಳೆಯ ಸೂತ್ರ. ಹಾಗಂತ ತೀರಾ ತಣ್ಣಗಿದ್ದರೂ ಒಳ್ಳೇದಲ್ಲ. 80ಕ್ಕಿಂತ ಕೆಳಗೆ ಆಯಿಲ್ ದಪ್ಪಗಿರತ್ತೆ, ಒಳಗೆ ಸೇರಿದ ತೇವ ಆವಿಯಾಗಿ ಹೋಗಲ್ಲ.

ನಮ್ಮ ಕಾರಿಗೆ ಇದು ಇನ್ನೂ ಮುಖ್ಯ. ವಿಟೆಕ್ ಕೆಲಸ ಮಾಡೋದೇ ಆಯಿಲ್ ಒತ್ತಡದಿಂದ. ಮೇಲಿನ ಆರ್‌ಪಿಎಂನಲ್ಲಿ ಆಯಿಲ್ ಒತ್ತಡವೇ ಚಿಕ್ಕ ಪಿನ್‌ಗಳನ್ನು ತಳ್ಳಿ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಕ್ಯಾಮಿಗೆ ಜೋಡಿಸತ್ತೆ. ಒತ್ತಡ ಸಾಲದಿದ್ದರೆ ಆ ಜೋಡಣೆಯೇ ಆಗಲ್ಲ.

ಗ್ರೇಡ್ ವಿಚಾರ. 5ಡಬ್ಲ್ಯೂ-30, 5ಡಬ್ಲ್ಯೂ-40 ಇವುಗಳ ಕೊನೆಯ ಅಂಕಿ ಹೇಳೋದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ. 30ರದ್ದು 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆ, 40ರದ್ದು 12.5ರಿಂದ 16.3 ನಡುವೆ. ಟ್ರ್ಯಾಕಿಗೆ ಒಂದು ಹೆಜ್ಜೆ ದಪ್ಪದ ಒಳ್ಳೆಯ ಸಿಂಥೆಟಿಕ್ ಹಾಕೋದು ಕೂಲರಿಗಿಂತ ಮೊದಲಿನ, ಅಗ್ಗದ ಹೆಜ್ಜೆ. ಕರಿಯ ಚಿಕ್ಕ ಸೆಷನ್‌ಗಳಲ್ಲಿ ನಮಗೆ ಅಷ್ಟೇ ಸಾಕಾಯಿತು. ಇರುಂಗಾಟ್ಟುಕೋಟ್ಟೈನ ಉದ್ದದ ಸ್ಟ್ರೇಟ್‌ಗಳಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಗೇಜ್ 134 ತೋರಿಸಿತು. ಕೂಲರ್ ಬೇಕು ಅಂತ ಗೊತ್ತಾಗಿದ್ದು ಆಗ.

ಕೂಲರ್ ಹಾಕುವಾಗ

ಆಯಿಲ್ ಫಿಲ್ಟರ್ ಬಿಚ್ಚಿ, ಅದಕ್ಕೂ ಎಂಜಿನ್‌ಗೂ ನಡುವೆ ಒಂದು ಬಿಲ್ಲೆ ಕೂರಿಸ್ತಾರೆ. ಸ್ಯಾಂಡ್‌ವಿಚ್ ಪ್ಲೇಟ್ ಅಂತ ಹೆಸರು. ಹೋಂಡಾ ಫಿಲ್ಟರಿನ ಮರೆ 20 ಎಂಎಂ, 1.5 ಪಿಚ್. ಕೊಳ್ಳುವ ಮೊದಲು ನಿಮ್ಮ ಕಾರಿನದ್ದು ನೋಡಿಕೊಳ್ಳಿ. ಥರ್ಮೋಸ್ಟ್ಯಾಟ್ ಇರುವುದನ್ನೇ ತಗೊಳ್ಳಿ. ಸುಮಾರು 80-85 ಡಿಗ್ರಿ ಆಗೋವರೆಗೂ ಅದು ಕೂಲರ್ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಟ್ಟಿರತ್ತೆ, ಬೆಳಗ್ಗೆ ಎಂಜಿನ್ ಬೇಗ ಬಿಸಿಯಾಗತ್ತೆ.

ಹೋಸ್ ಅಳತೆಗೆ ಎಎನ್-10 ಅಂತೆಲ್ಲ ಹೇಳ್ತಾರೆ. ಗಾಬರಿ ಬೇಡ, ಅದು ಇಂಚಿನ ಹದಿನಾರನೇ ಭಾಗದ ಲೆಕ್ಕ. 10 ಅಂದರೆ ಹದಿನಾರರಲ್ಲಿ ಹತ್ತು, ಅಂದರೆ ಐದು ಎಂಟಾಂಶ ಇಂಚು. ಎಂಜಿನ್ ಆಯಿಲ್‌ಗೆ ಇದಕ್ಕಿಂತ ಸಣ್ಣದು ಬೇಡ, ಒತ್ತಡ ಬೀಳತ್ತೆ. ನಮ್ಮ ಎಂಜಿನ್‌ನಲ್ಲಿ ಫಿಲ್ಟರ್ ಇರೋದು ಹಿಂಭಾಗದಲ್ಲಿ, ಕೂಲರ್ ಮುಂಭಾಗದಲ್ಲಿ. ಹೋಸ್ ಅಷ್ಟು ದೂರ ಬರಬೇಕು, ಎಕ್ಸಾಸ್ಟ್‌ನಿಂದ ದೂರ, ಡ್ರೈವ್ ಶಾಫ್ಟಿಗೆ ತಾಗದ ಹಾಗೆ. ಎಂಜಿನ್ ಅಲುಗಾಡತ್ತೆ, ಬಾಡಿ ಅಲ್ಲ, ಹಾಗಾಗಿ ಹೋಸ್ ಬಿಗಿಯಾಗಿ ಎಳೆದಿರಬಾರದು. ಸ್ಟೀಲ್ ಹೆಣಿಗೆಯ ಹೋಸ್ ಉಜ್ಜಿದರೆ ಗರಗಸದ ಹಾಗೆ, ಪಕ್ಕದ್ದನ್ನೆಲ್ಲ ಕೊಯ್ಯತ್ತೆ. ನಮ್ಮ ಗ್ಯಾರೇಜ್ ಭಾಯ್ ಎಲ್ಲ ತಾಗುವ ಕಡೆಗೂ ರಬ್ಬರ್ ತೊಡಿಸಿ, 'ಈಗ ನಾನು ಮನೆಗೆ ಹೋಗಿ ನಿದ್ದೆ ಮಾಡಬಹುದು' ಅಂದರು.

ಕೂಲರನ್ನು ಬಂಪರ್ ಹಿಂದೆ ಸುಮ್ಮನೆ ನೇತುಹಾಕಿದರೆ ಪ್ರಯೋಜನ ಕಮ್ಮಿ. ಗಾಳಿ ಸೋಮಾರಿ, ಸುಲಭದ ದಾರಿ ಹುಡುಕಿ ಪಕ್ಕದಿಂದ ಹೋಗತ್ತೆ. ಸುತ್ತ ಅಲ್ಯೂಮಿನಿಯಂ ತಗಡಿನ ಗೋಡೆ ಕಟ್ಟಿ ಗಾಳಿ ಅದರೊಳಗೇ ನುಗ್ಗುವಂತೆ ಮಾಡಬೇಕು, ನುಗ್ಗಿದ್ದು ಹಿಂದಿನಿಂದ ಹೊರಗೆ ಹೋಗಲೂ ದಾರಿ ಇರಬೇಕು. ಹೋಸ್ ಸೇರುವ ಬಾಯಿಗಳು ಮೇಲೆ ಇರಲಿ, ಕೆಳಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳತ್ತೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಂಧನ, ಸ್ಪಾರ್ಕ್ ಎರಡನ್ನೂ ನಿಲ್ಲಿಸಿ, ಒತ್ತಡ ಕಾಣಿಸೋವರೆಗೂ ಸ್ವಲ್ಪ ಸ್ವಲ್ಪ ಕ್ರ್ಯಾಂಕ್ ಮಾಡಿ. ಕೂಲರ್, ಹೋಸ್ ತುಂಬಿದ ಮೇಲೆ ಆಯಿಲ್ ಮಟ್ಟ ಇಳಿದಿರತ್ತೆ, ಡಿಪ್‌ಸ್ಟಿಕ್ ನೋಡಿ ತುಂಬಿಸಿ.

ಇಷ್ಟಾದ ಮೇಲೆ ಅದೇ ಟ್ರ್ಯಾಕಿನಲ್ಲಿ, ಹೆಚ್ಚುಕಡಿಮೆ ಅದೇ ಬಿಸಿಲಲ್ಲಿ ನಮ್ಮ ಗೇಜ್ 112ರಲ್ಲಿ ನಿಂತಿತು. ಅಕ್ಕ ಪೂರ್ತಿ 20 ನಿಮಿಷ ಓಡಿಸಿ ಬಂದಳು. ಭುಜದ ಬಗ್ಗೆ ಕೇಳಿದ್ದಕ್ಕೆ, 'ಅದಿರಲಿ, ನಿನ್ನ ಟೈಮ್ ಎಷ್ಟು?' ಅಂತ ನನ್ನನ್ನೇ ಕೇಳಿದಳು. ಅವಳ ಟೈಮ್ ನನಗಿಂತ ಕಮ್ಮಿ ಇತ್ತು, ಆ ವಿಷಯ ಇಲ್ಲಿಗೇ ಬಿಡೋಣ.

ಕೂಲರ್ ಮಾಡದ ಕೆಲಸ

ಕೂಲರ್ ಇದೆ ಅಂತ ಎಂಜಿನ್ ಸೇಫ್ ಅಲ್ಲ. ಉದ್ದದ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಪಕ್ಕಕ್ಕೆ ಹೋಗಿ ನಿಲ್ಲತ್ತೆ. ಪಂಪ್ ಹೀರುವ ಬಾಯಿಗೆ ಬರೀ ಗಾಳಿ ಸಿಕ್ಕರೆ ಒಂದೆರಡು ಸೆಕೆಂಡಿನಲ್ಲೇ ಬೇರಿಂಗ್‌ಗೆ ಪೆಟ್ಟು. ಅದಕ್ಕೆ ಬೇಕಾದ್ದು ಸಂಪಿನೊಳಗೆ ಆಯಿಲ್ ಅತ್ತಿತ್ತ ಓಡದಂತೆ ತಡೆಯುವ ತಗಡು, ಮತ್ತು ಆಯಿಲ್ ಒತ್ತಡದ ಗೇಜ್. ಕಾರಿನ ಜೊತೆ ಬಂದ ಕೆಂಪು ದೀಪ ಒತ್ತಡ ತೀರಾ ಬಿದ್ದ ಮೇಲಷ್ಟೇ ಹತ್ತತ್ತೆ, ಅಷ್ಟರಲ್ಲಿ ಆಗುವುದು ಆಗಿರತ್ತೆ. ದುಡ್ಡು ಒಂದಕ್ಕೇ ಇದೆ ಅಂದರೆ ಕೂಲರಿಗಿಂತ ಮೊದಲು ಗೇಜ್ ಕೊಳ್ಳಿ.

ಹಾಗೇ, ಕಾರಿನಲ್ಲಿ ಕೈಗೆ ಸಿಗುವ ಹಾಗೆ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಹೊಸ ಹೋಸ್, ಹೊಸ ಜಾಯಿಂಟ್ ಅಂದರೆ ಸೋರಬಹುದಾದ ಹೊಸ ಜಾಗ. ನಮ್ಮಲ್ಲಿ ಪ್ರತಿ ಸೆಷನ್ ಆದ ಮೇಲೂ ಟಾರ್ಚ್ ಹಿಡಿದು ಒಬ್ಬರು ಕೆಳಗೆ ಬಗ್ಗಿ ನೋಡಲೇಬೇಕು.

ರಸ್ತೆ ಬೇರೆ, ಟ್ರ್ಯಾಕ್ ಬೇರೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ವಾಹನವನ್ನು ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಬದಲಾಯಿಸುವ ಹಾಗಿಲ್ಲ. ಆಯಿಲ್ ಗೇಜ್ ಬೇರೆ, ಸ್ಟೀರಿಂಗ್ ವ್ಯವಸ್ಥೆಗೆ ಕೈಹಾಕೋದೇ ಬೇರೆ. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಬಳಕೆಗೆ ರಕ್ಷಣೆ ಇಲ್ಲ ಅಂತ ಬರೆದಿರತ್ತೆ, ಒಮ್ಮೆ ತೆಗೆದು ಓದಿ. ನಮ್ಮ ಕಾರು ಈಗ ಟ್ರ್ಯಾಕಿಗೆ ಹೋಗೋದು ಫ್ಲ್ಯಾಟ್‌ಬೆಡ್ ಮೇಲೆ. ಅಮ್ಮನಿಗೆ ಇದರಲ್ಲಿ ತುಂಬಾ ಸಮಾಧಾನ. 'ಹೋಗ್ತಾ ಬರ್ತಾ ಆದ್ರೂ ಅದು ಸುಮ್ಮನೆ ಕೂತಿರತ್ತಲ್ಲ' ಅಂತಾರೆ.

ಕೊನೆಗೆ, ಮೊದಲ ಟ್ರ್ಯಾಕ್ ಡೇಗೆ ಹೋಗುವವರಿಗೆ: ಇದ್ಯಾವುದನ್ನೂ ಈಗಲೇ ಮಾಡಬೇಡಿ. ಹೊಸ ಎಂಜಿನ್ ಆಯಿಲ್, ಹೊಸ ಸ್ಟೀರಿಂಗ್ ಆಯಿಲ್, ಒಂದು ಸ್ಟಿಕರ್, ಒಂದು ಗೇಜ್. ನಾಲ್ಕು ಲ್ಯಾಪ್ ಓಡಿಸಿ, ಒಂದು ಲ್ಯಾಪ್ ತಣ್ಣಗಾಗಲು ಬಿಡಿ. ಅಂಕಿ ಬರೆದಿಟ್ಟುಕೊಳ್ಳಿ. ಏನು ಬೇಕು ಅಂತ ಕಾರೇ ಹೇಳತ್ತೆ. ಹೇಳಿದ್ದಕ್ಕೆ ಮಾತ್ರ ಖರ್ಚು ಮಾಡಿ, ಉಳಿದ ದುಡ್ಡಿಗೆ ಇನ್ನೊಂದು ಟ್ರ್ಯಾಕ್ ಡೇ ಬುಕ್ ಮಾಡಿ.

ಮುಂದಿನ ಸಲ ಬ್ರೇಕ್ ಫ್ಲೂಯಿಡ್ ಬಗ್ಗೆ. ಅದೂ ಕುದಿಯತ್ತೆ.